ಹಳಿಯಿಲ್ಲದ ಊರಿನಿಂದ ದಿಬ್ರುಗಢಕ್ಕೆ

ನಮ್ಮ ನಡುವಟ್ಟಕ್ಕೆ ರೈಲಿಲ್ಲ. ಊಟಿಯಿಂದ ಗೂಡಲೂರಿಗೆ ಇಳಿಯುವ ದಾರಿಯಲ್ಲಿ, ಪೈಕಾರ ದಾಟಿದ ಮೇಲೆ, ಘಾಟಿಯ ನೆತ್ತಿಯಲ್ಲಿ ನಿಂತಿರುವ ಊರು ಇದು. ಸುತ್ತ ಟೀ ತೋಟ, ಕೆಳಗೆ ಗೂಡಲೂರಿನ ಬಯಲು, ಆಚೆಗೆ ವಯನಾಡಿನ ಕಾಡು. ಕಿವಿಗೆ ಬೀಳುವುದು ಲಾರಿಗಳ ಹಾರ್ನು, ಬಸ್ಸಿನ ಗೇರು, ಮಳೆಗಾಲದಲ್ಲಿ ಜಡಿಮಳೆಯ ಸದ್ದು. ಇಂಥ ಊರಿನಲ್ಲಿ ಹುಟ್ಟಿ ಬೆಳೆದವರಲ್ಲಿ ದೂರದ ರೈಲು ಹತ್ತದೆಯೇ ವಯಸ್ಸಾದವರು ಬಹಳ ಮಂದಿ. ‘ಅಷ್ಟು ದೂರ ಹೇಗಪ್ಪಾ ಹೋಗೋದು, ಎಲ್ಲಿ ಹತ್ತೋದು, ಎಲ್ಲಿ ಇಳಿಯೋದು’ ಎಂದು ಹಿರಿಯರು ಕೇಳುವುದನ್ನು ನಾನು ಚಿಕ್ಕಂದಿನಿಂದ ಕೇಳಿಸಿಕೊಂಡಿದ್ದೇನೆ. ಆ ಪ್ರಶ್ನೆಗೆ ನೇರ ಉತ್ತರ ಕೊಡಬೇಕು ಎಂಬ ಆಸೆಯಿಂದ ಇವತ್ತು ನಿಮ್ಮೆದುರು ಮಾತಾಡುತ್ತಿದ್ದೇನೆ.

ಮಾತು ಗಾಳಿಯಲ್ಲಿ ತೇಲಬಾರದು ಎಂದು ಒಂದೇ ಪ್ರಯಾಣವನ್ನು ತೆಗೆದುಕೊಳ್ಳುತ್ತೇನೆ: ನಡುವಟ್ಟದಿಂದ ಅಸ್ಸಾಮಿನ ದಿಬ್ರುಗಢಕ್ಕೆ. ಟೀ ತೋಟದಿಂದ ಹೊರಟು ಟೀ ತೋಟದಲ್ಲೇ ಇಳಿಯುವ ಪ್ರಯಾಣ. ನಮ್ಮ ದೇಶದಲ್ಲಿ ಅತಿ ದೂರ ಓಡುವ ರೈಲು ಕನ್ಯಾಕುಮಾರಿಯಿಂದ ದಿಬ್ರುಗಢಕ್ಕೆ ಹೋಗುವ ವಿವೇಕ್ ಎಕ್ಸ್‌ಪ್ರೆಸ್. ಒಟ್ಟು ಸುಮಾರು 4,200 ಕಿಲೋಮೀಟರು. ಸ್ವಾಮಿ ವಿವೇಕಾನಂದರ 150ನೇ ಜನ್ಮವರ್ಷದ ನೆನಪಿಗೆಂದು 2011ರ ನವೆಂಬರಿನಲ್ಲಿ ಈ ಗಾಡಿ ಆರಂಭವಾಯಿತು. ಅದು ಕೇರಳದ ಉದ್ದಕ್ಕೂ ಬಂದು, ಪಾಲಕ್ಕಾಡು ಕಣಿವೆ ಹಾದು, ಕೊಯಮತ್ತೂರಿನಲ್ಲಿ ನಿಲ್ಲುತ್ತದೆ. ಎಂದರೆ ನಮ್ಮ ಬೆಟ್ಟದ ಬುಡದಲ್ಲೇ ನಿಲ್ಲುತ್ತದೆ. ಇಷ್ಟು ಹತ್ತಿರ ಬಂದು ಹೋಗುವ ಗಾಡಿ ನಮಗೆ ದೂರದ್ದಾಗಿ ಉಳಿದಿದೆ.

ದೂರದ ಪ್ರಯಾಣಕ್ಕೆ ಯೋಜನೆ ಹಾಕುವವರು ಸಾಮಾನ್ಯವಾಗಿ ಕೊಯಮತ್ತೂರಿನಿಂದ ಮುಂದಿನ ಮೂರು ಸಾವಿರ ಚಿಲ್ಲರೆ ಕಿಲೋಮೀಟರಿನ ಬಗ್ಗೆಯೇ ಚಿಂತೆ ಮಾಡುತ್ತಾರೆ. ನಾನು ಹೇಳುವುದು ಬೇರೆ. ಕೊಯಮತ್ತೂರಿನಲ್ಲಿ ಬರ್ತಿನ ಮೇಲೆ ಕೂತ ಮೇಲೆ ಗಾಡಿ ನಿಮ್ಮನ್ನು ಹೊತ್ತುಕೊಂಡು ಹೋಗುತ್ತದೆ. ಹಳಿ ತಪ್ಪಿ ಬೇರೆ ಊರಿಗೆ ಒಯ್ಯುವುದಿಲ್ಲ. ನಿಜವಾಗಿ ಕಷ್ಟವಿರುವುದು ಮೊದಲ ನೂರಿಪ್ಪತ್ತು ಕಿಲೋಮೀಟರಿನಲ್ಲಿ, ಮನೆ ಬಾಗಿಲಿನಿಂದ ಸ್ಟೇಷನ್ನಿನವರೆಗೆ. ಗುಡ್ಡದ ಜನ ಗಾಡಿ ತಪ್ಪಿಸಿಕೊಳ್ಳುವುದು ಈ ಹಾದಿಯಲ್ಲೇ. ಆದ್ದರಿಂದ ಯೋಜನೆಯನ್ನು ಹಿಂದಿನಿಂದ ಮುಂದಕ್ಕೆ ಹಾಕಬೇಕು. ಮೊದಲು ದೊಡ್ಡ ಗಾಡಿಯ ದಿನ, ಹೊತ್ತು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ನಮ್ಮ ಅಂಗಳಕ್ಕೆ ಬರಬೇಕು.

ನಡುವಟ್ಟದಿಂದ ರೈಲಿಗೆ ಮೂರು ಬಾಗಿಲುಗಳಿವೆ. ಪೂರ್ವಕ್ಕೆ ಊಟಿ, ಕೂನೂರು ದಾಟಿ ಮೇಟ್ಟುಪಾಳ್ಯಂ, ಅಲ್ಲಿಂದ ಕೊಯಮತ್ತೂರು. ಉತ್ತರಕ್ಕೆ ಗೂಡಲೂರು, ತೆಪ್ಪಕಾಡು, ಬಂಡೀಪುರ, ಗುಂಡ್ಲುಪೇಟೆ ಹಾದು ಮೈಸೂರು. ಪಶ್ಚಿಮಕ್ಕೆ ಗೂಡಲೂರಿನಿಂದ ನಾಡುಕಾಣಿ ಘಾಟಿ ಇಳಿದು ಕೇರಳದ ನಿಲಂಬೂರು. ನಿಲಂಬೂರಿನಿಂದ ಶೊರನೂರಿಗೆ 66 ಕಿಲೋಮೀಟರಿನ ಒಂದು ಕವಲು ಹಳಿ ಇದೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಕಿತ್ತುಹಾಕಿ, ಸ್ವಾತಂತ್ರ್ಯ ಬಂದ ಮೇಲೆ ಮತ್ತೆ ಹಾಸಿದ ಹಳಿ. ನಂಜನಗೂಡಿನಿಂದ ನಿಲಂಬೂರಿಗೆ ರೈಲು ಬರುತ್ತದೆ ಎಂಬ ಮಾತು ನಮ್ಮ ಕಡೆ ಬಹಳ ಕಾಲದಿಂದ ಓಡಾಡುತ್ತಿದೆ, ಹಳಿ ಮಾತ್ರ ಬಂದಿಲ್ಲ. ನಡುವೆ ಇರುವುದು ಆನೆಯ ಕಾಡು. ಆ ಕಾಡನ್ನು ಉಳಿಸಿಕೊಳ್ಳುವುದು ನಮ್ಮೂರಿಗೆ ರೈಲು ಬರುವುದಕ್ಕಿಂತ ದೊಡ್ಡದು ಎಂದೇ ನನ್ನ ಅಭಿಪ್ರಾಯ. ಮಸಿನಗುಡಿಯ ಕಡೆಯವರಿಗೆ ಊಟಿಗೆ ಬರಲು ಕಲ್ಲಟ್ಟಿ ಘಾಟಿ ಇದೆ. ಮೂವತ್ತಾರು ತಿರುವು, ಕಡಿದಾದ ಏರು. ಲಗೇಜು ಕಟ್ಟಿಕೊಂಡು ವಯಸ್ಸಾದವರನ್ನು ಕರೆದುಕೊಂಡು ಬರುವವರು ಅದಕ್ಕೆ ತಕ್ಕ ಹೊತ್ತು ಇಟ್ಟುಕೊಳ್ಳಬೇಕು.

ಮೈಸೂರಿನ ಬಾಗಿಲು ಭಾಷೆಗೂ ನೆಂಟಸ್ತಿಕೆಗೂ ನಮಗೆ ಹತ್ತಿರದ್ದು. ಕಾಶಿಗೆ ಹೋಗಬೇಕೆನ್ನುವವರಿಗೆ ಮೈಸೂರಿನಿಂದ ವಾರಾಣಸಿಗೆ ನೇರ ಗಾಡಿಯೂ ಇದೆ, ಪ್ರತಿದಿನ ಇಲ್ಲ. ಬೆಂಗಳೂರಿನಿಂದ ಪಾಟ್ನಾ ಕಡೆಗೆ ಹೋಗುವ ಸಂಘಮಿತ್ರ ಪ್ರತಿದಿನ ಇದೆ. ಹಿಂದೆ ಮೊಘಲ್‌ಸರಾಯ್ ಎನ್ನುತ್ತಿದ್ದ, ಈಗ ದೀನ್ ದಯಾಳ್ ಉಪಾಧ್ಯಾಯ ಎಂದು ಹೆಸರಾದ ಜಂಕ್ಷನ್ನಿನಲ್ಲಿ ಇಳಿದರೆ ಕಾಶಿ ಅಲ್ಲಿಂದ ಹತ್ತಿರವೇ. ಆದರೆ ಮೈಸೂರಿನ ದಾರಿಗೆ ಒಂದು ಕಟ್ಟುಪಾಡು ಇದೆ. ಬಂಡೀಪುರ ಕಾಡಿನ ರಸ್ತೆಯನ್ನು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತಾರೆ. ಆಂಬುಲೆನ್ಸು, ಬೆರಳೆಣಿಕೆಯ ಸರ್ಕಾರಿ ಬಸ್ಸು ಬಿಟ್ಟರೆ ಬೇರೆ ಗಾಡಿಗೆ ದಾರಿಯಿಲ್ಲ. ಪ್ರಾಣಿಗಳಿಗೆ ಆ ಒಂಬತ್ತು ಗಂಟೆ ಬೇಕೇ ಬೇಕು. ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ನಾವು ಹೊರಡಬೇಕು. ಮೈಸೂರಿನಲ್ಲಿ ಬೆಳಗಿನ ಗಾಡಿ ಹಿಡಿಯುವವರು ಹಿಂದಿನ ದಿನವೇ ಮೈಸೂರಿನಲ್ಲಿರಬೇಕು. ಬೆಳಿಗ್ಗೆ ಗೇಟು ತೆರೆದ ಮೇಲೆ ಹೊರಟು ಸಮಯಕ್ಕೆ ಮುಟ್ಟುತ್ತೇವೆ ಎಂದು ನಂಬಬೇಡಿ. ವಾಪಸು ಬರುವಾಗಲೂ ಅಷ್ಟೇ, ಗಾಡಿ ತಡವಾಗಿ ಸಂಜೆಗೆ ಮೈಸೂರು ಮುಟ್ಟಿದರೆ ಆ ರಾತ್ರಿ ಅಲ್ಲೇ.

ಇನ್ನು ಮಳೆ. ನಮ್ಮ ಬೆಟ್ಟಕ್ಕೆ ಎರಡು ಮಳೆಗಾಲ, ಎರಡಕ್ಕೂ ಬೇರೆ ಬೇರೆ ದಿಕ್ಕು. ಜೂನ್‌ನಿಂದ ಆಗಸ್ಟ್‌ವರೆಗೆ ನೈರುತ್ಯ ಮಾರುತ ಬಂದು ಬಡಿಯುವುದು ನಮ್ಮ ಪಶ್ಚಿಮದ ಬದಿಗೆ: ನಡುವಟ್ಟಂ, ಗೂಡಲೂರು, ಪಂದಲೂರು. ಆಗ ಗೂಡಲೂರು ಘಾಟಿ, ನಾಡುಕಾಣಿ ಘಾಟಿಗಳಲ್ಲಿ ಮಣ್ಣು ಕುಸಿಯುತ್ತದೆ, ಮರ ಬೀಳುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಾರುತ ಬಡಿಯುವುದು ಪೂರ್ವದ ಬದಿಗೆ: ಕೂನೂರು, ಕೋತಗಿರಿ, ಮೇಟ್ಟುಪಾಳ್ಯದ ಘಾಟಿ. ಆಗ ನಮ್ಮೂರಿನಲ್ಲಿ ಬಿಸಿಲು ಬಿದ್ದಿದ್ದರೂ ಕೂನೂರಿನ ಕೆಳಗೆ ರಸ್ತೆ ಮುಚ್ಚಿರಬಹುದು. ಇದನ್ನು ಮರೆತು, ‘ಇವತ್ತು ಮಳೆಯಿಲ್ಲ’ ಎಂದು ಅಂಗಳದಿಂದ ಆಕಾಶ ನೋಡಿ ಹೊರಟವರು ಘಾಟಿಯಲ್ಲಿ ಗಂಟೆಗಟ್ಟಲೆ ನಿಂತದ್ದುಂಟು. ಆಷಾಢದಲ್ಲಿ ಹೊರಡುವವರು ಪೂರ್ವದ ಬಾಗಿಲಿನಿಂದ, ಕಾರ್ತಿಕದಲ್ಲಿ ಹೊರಡುವವರು ಉತ್ತರದ ಬಾಗಿಲಿನಿಂದ ಹೋಗುವುದು ಜಾಣತನ.

‘ಊಟಿಯಿಂದ ಮೇಟ್ಟುಪಾಳ್ಯಕ್ಕೆ ಬೆಟ್ಟದ ರೈಲೇ ಇದೆಯಲ್ಲ’ ಎಂದು ನೀವು ಕೇಳಬಹುದು. ಇದೆ, ಅದು ನಮ್ಮ ಜಿಲ್ಲೆಯ ಹೆಮ್ಮೆ. 1899ರಲ್ಲಿ ಕೂನೂರಿನವರೆಗೆ ಬಂತು, 1908ರಲ್ಲಿ ಊಟಿ ಮುಟ್ಟಿತು, 2005ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 46 ಕಿಲೋಮೀಟರಿನಲ್ಲಿ 208 ತಿರುವು, 16 ಸುರಂಗ, 250 ಸೇತುವೆ. ಕೂನೂರಿನ ಕೆಳಗೆ ಹನ್ನೆರಡು ಅಡಿಗೆ ಒಂದು ಅಡಿ ಏರುವ ಜಾಗದಲ್ಲಿ ಹಳಿಗಳ ನಡುವೆ ಹಲ್ಲಿನ ಪಟ್ಟಿ ಕೂರಿಸಿದ್ದಾರೆ, ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿ ಹಿಡಿದುಕೊಂಡು ಹತ್ತುತ್ತದೆ. ಆದರೂ ದೂರದ ಗಾಡಿ ಹಿಡಿಯಲು ಹೋಗುವ ದಿನ ಇದನ್ನು ನೆಚ್ಚಿಕೊಳ್ಳಬೇಡಿ. ಸೀಟು ಸಿಗುವುದು ಕಷ್ಟ, ದೊಡ್ಡ ಲಗೇಜಿಗೆ ಜಾಗ ಕಡಿಮೆ, ಈಶಾನ್ಯ ಮಳೆಯಲ್ಲಿ ಹಳಿಯ ಮೇಲೆ ಬಂಡೆ ಬಿದ್ದರೆ ದಿನಗಟ್ಟಲೆ ನಿಂತುಬಿಡುತ್ತದೆ. ಹೋಗುವಾಗ ಬಸ್ಸಿನಲ್ಲಿ ಇಳಿಯಿರಿ. ವಾಪಸು ಬರುವಾಗ, ಯಾವ ಅವಸರವೂ ಇಲ್ಲದಾಗ, ಮೇಟ್ಟುಪಾಳ್ಯದಲ್ಲಿ ಒಂದು ರಾತ್ರಿ ಉಳಿದು ಬೆಳಗಿನ ಗಾಡಿಯಲ್ಲಿ ಹತ್ತಿ ಬನ್ನಿ.

ಈಗ ಟಿಕೆಟ್ಟಿನ ಮಾತು. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗು 60 ದಿನಕ್ಕೆ ಇಳಿದಿದೆ. ಮೊದಲು 120 ದಿನ ಇತ್ತು. ಬುಕಿಂಗು ಬೆಳಿಗ್ಗೆ 8 ಗಂಟೆಗೆ ತೆರೆಯುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಗಾಡಿ ಕೊಯಮತ್ತೂರಿಗೆ ಬರುವ ತಾರೀಖಿನಿಂದ ಎಣಿಸಬೇಡಿ, ಅದು ಕನ್ಯಾಕುಮಾರಿ ಬಿಡುವ ತಾರೀಖಿನಿಂದ ಎಣಿಸಿ. ರಾತ್ರಿ ಹನ್ನೆರಡು ದಾಟಿ ಬರುವ ಗಾಡಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಮ್ಮ ಮನೆಗಳಲ್ಲಿ ಮಂಗಳವಾರ ರಾತ್ರಿ ಎಂದರೆ ಬುಧವಾರ ಬೆಳಕು ಹರಿಯುವವರೆಗೂ ಮಂಗಳವಾರವೇ. ರೈಲ್ವೆಗೆ ಹಾಗಲ್ಲ, ಸೊನ್ನೆ ಗಂಟೆಗೆ ತಾರೀಖು ಬದಲು. ಟಿಕೆಟ್ಟಿನಲ್ಲಿ ಬುಧವಾರ 00.20 ಎಂದಿದ್ದರೆ ನೀವು ಸ್ಟೇಷನ್ನಿನಲ್ಲಿ ಇರಬೇಕಾದದ್ದು ಮಂಗಳವಾರ ರಾತ್ರಿ. ಈ ಒಂದು ವಿಷಯವನ್ನು ಮನೆಯವರೆಲ್ಲ ಒಟ್ಟಿಗೆ ಕೂತು ಗಟ್ಟಿಯಾಗಿ ಓದಿ ಖಚಿತಮಾಡಿಕೊಳ್ಳಿ.

ಕೊಯಮತ್ತೂರು ಈ ಗಾಡಿಗೆ ನಡುವಿನ ಸ್ಟೇಷನ್ನು. ನಡುವೆ ಹತ್ತುವವರಿಗೆ ಮೀಸಲಾದ ಬರ್ತುಗಳು ಕಡಿಮೆ, ಅಲ್ಲಿನ ವೇಟಿಂಗ್ ಲಿಸ್ಟು ನಿಧಾನವಾಗಿ ಕರಗುತ್ತದೆ. ಗಾಡಿ ಹೊರಡುವ ಊರಿನ ಲಿಸ್ಟು ಬೇಗ ಕರಗುತ್ತದೆ. ಆದ್ದರಿಂದ ಕೊಯಮತ್ತೂರಿನಿಂದ ಸಿಗದಿದ್ದರೆ, ಕನ್ಯಾಕುಮಾರಿಯಿಂದಲೇ ಟಿಕೆಟ್ ತೆಗೆದು, ಹತ್ತುವ ಸ್ಟೇಷನ್ ಕೊಯಮತ್ತೂರು ಎಂದು ಬರೆಸಬಹುದು. ಸ್ವಲ್ಪ ಹೆಚ್ಚು ಹಣ ಹೋಗುತ್ತದೆ. ಆದರೆ ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುವುದರಿಂದ ಆ ಹೆಚ್ಚಳ ನೀವು ಅಂದುಕೊಂಡಷ್ಟು ಇರುವುದಿಲ್ಲ. ಮೂರು ರಾತ್ರಿ ಮಲಗಲು ಬರ್ತು ಸಿಗುವುದಾದರೆ ಆ ಹಣ ದಂಡವಲ್ಲ. ಆರ್‌ಎಸಿ ಎಂದು ಬಂದರೆ ಪಕ್ಕದ ಕೆಳ ಬರ್ತಿನಲ್ಲಿ ಇಬ್ಬರು ಕೂರಬೇಕು. ಒಂದು ಹಗಲಿಗೆ ಸರಿ, ಇಷ್ಟು ದೂರಕ್ಕೆ ಹಿರಿಯರಿಗೆ ಆಗದು. ಆನ್‌ಲೈನಿನಲ್ಲಿ ತೆಗೆದ ಟಿಕೆಟು ಚಾರ್ಟ್ ಆದ ಮೇಲೂ ವೇಟಿಂಗಿನಲ್ಲೇ ಉಳಿದರೆ ತಾನಾಗಿಯೇ ರದ್ದಾಗಿ ಹಣ ವಾಪಸಾಗುತ್ತದೆ, ಅದನ್ನು ಹಿಡಿದು ಗಾಡಿ ಹತ್ತುವಂತಿಲ್ಲ. ತತ್ಕಾಲ್ ಇದೆಯಲ್ಲ ಎಂದು ಸುಮ್ಮನಿರಬೇಡಿ. ಅದು ಹಿಂದಿನ ದಿನದ ಅವಸರದ ಬಾಗಿಲು, ಇಡೀ ಸಂಸಾರ ಹೊರಡುವ ದೂರ ಪ್ರಯಾಣವನ್ನು ಅದರ ಮೇಲೆ ನಿಲ್ಲಿಸಬಾರದು.

ನಾನು ಬಹಳ ಪ್ರೀತಿಯಿಂದ ಹೇಳಬೇಕೆಂದಿರುವ ಒಂದು ನಿಯಮ ಈಗ ಬರುತ್ತದೆ. ನಮ್ಮವರಿಗೆ ಇದು ಗೊತ್ತಿಲ್ಲದೆ ಹೋಗಿರುವುದು ನನಗೆ ನಿಜವಾಗಿಯೂ ಬೇಸರ. ಸಾಮಾನ್ಯ ಮೇಲ್, ಎಕ್ಸ್‌ಪ್ರೆಸ್ ಗಾಡಿಗಳಲ್ಲಿ 500 ಕಿಲೋಮೀಟರಿಗೆ ಮೀರಿದ ಟಿಕೆಟ್ಟಿದ್ದರೆ, ಮೊದಲ 500 ಕಿಲೋಮೀಟರು ಕಳೆದ ಮೇಲೆ ದಾರಿಯಲ್ಲಿ ಇಳಿದು ತಂಗಬಹುದು. 1,000 ಕಿಲೋಮೀಟರಿಗೆ ಮೀರಿದ ಟಿಕೆಟ್ಟಾದರೆ ಎರಡು ಕಡೆ. ಪ್ರತಿ ಕಡೆಯೂ, ಇಳಿದ ದಿನ ಮತ್ತು ಹೊರಡುವ ದಿನ ಬಿಟ್ಟು, ಎರಡು ದಿನ. ಇದನ್ನು ರೈಲ್ವೆಯವರು ಬ್ರೇಕ್ ಜರ್ನಿ ಎನ್ನುತ್ತಾರೆ. ಪ್ರತಿ ತುಂಡಿಗೂ ಬರ್ತನ್ನು ಬೇರೆಯಾಗಿ ಕಾಯ್ದಿರಿಸಬೇಕು, ದರ ಮಾತ್ರ ಒಂದೇ ಉದ್ದದ ಪ್ರಯಾಣದ ದರ. ಇದಕ್ಕೆ ಫೋನು ಬಿಟ್ಟು ಊಟಿಯ ಸ್ಟೇಷನ್ನಿನ ಕೌಂಟರಿಗೇ ಹೋಗಿ, ಊರುಗಳ ಹೆಸರು, ತಾರೀಖು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳುವುದು ಒಳ್ಳೆಯದು. ಹೊರಟ ಊರಿಗೇ ಬೇರೆ ದಾರಿಯಲ್ಲಿ ಸುತ್ತಿ ಬರುವವರಿಗೆ ಇನ್ನೊಂದು ಬಗೆಯ ಟಿಕೆಟ್ಟಿದೆ, ಸರ್ಕ್ಯುಲರ್ ಜರ್ನಿ ಟಿಕೆಟ್ಟು ಎಂದು. ಅದರಲ್ಲಿ ಎಂಟು ಕಡೆಯವರೆಗೆ ಇಳಿಯಬಹುದು.

ದಿಬ್ರುಗಢದ ದಾರಿಯಲ್ಲಿ ಎಲ್ಲಿ ಇಳಿಯಬೇಕು? ನನ್ನನ್ನು ಕೇಳಿದರೆ ಒಂದು ಭುವನೇಶ್ವರ, ಇನ್ನೊಂದು ಗುವಾಹಟಿ. ಭುವನೇಶ್ವರದಲ್ಲಿ ಇಳಿದರೆ ಪುರಿಯ ಜಗನ್ನಾಥ, ಕೋನಾರ್ಕದ ಸೂರ್ಯ ದೇವಾಲಯ ಎರಡೂ ಹತ್ತಿರ. ಬೇಲೂರು ಹಳೇಬೀಡು ನೋಡಿದ ಕಣ್ಣಿಗೆ ಕೋನಾರ್ಕದ ಕಲ್ಲಿನ ಗಾಲಿಗಳು ಬೇರೆಯದೇ ಮಾತನ್ನು ಹೇಳುತ್ತವೆ. ಗುವಾಹಟಿಯಲ್ಲಿ ಕಾಮಾಖ್ಯ ಇದೆ, ಬ್ರಹ್ಮಪುತ್ರದ ದಡವಿದೆ. ಮೂರು ಹಗಲು ಮೂರು ರಾತ್ರಿ ಒಂದೇ ಸಮನೆ ಕೂತರೆ ವಯಸ್ಸಾದವರ ಕಾಲು ಊದಿಕೊಳ್ಳುತ್ತದೆ. ನಡುವೆ ಎರಡು ಕಡೆ ನೆಲದ ಮೇಲೆ ಮಲಗಿ, ಬಿಸಿನೀರು ಸ್ನಾನ ಮಾಡಿ ಹತ್ತಿದರೆ ಅದೇ ದೂರ ಹಗುರವಾಗುತ್ತದೆ.

ಹೀಗೆ ತುಂಡುಮಾಡಿಕೊಳ್ಳುವುದರಲ್ಲಿ ಇನ್ನೊಂದು ಲಾಭವೂ ಇದೆ. ಯಾವ ಭಾಗವನ್ನು ಹಗಲಿನಲ್ಲಿ ನೋಡಬೇಕು ಎಂದು ನಾವೇ ಆರಿಸಿಕೊಳ್ಳಬಹುದು. ಈ ದಾರಿ ನದಿಗಳ ದಾರಿ. ಈರೋಡಿನಲ್ಲಿ ನಮ್ಮ ಕಾವೇರಿ. ವಿಜಯವಾಡದಲ್ಲಿ ಕೃಷ್ಣಾ, ಮಹಾಬಳೇಶ್ವರದಲ್ಲಿ ಹುಟ್ಟಿ ನಮ್ಮ ಆಲಮಟ್ಟಿಯ ಮೇಲೆ ಹಾದು ಬಂದ ಅದೇ ಕೃಷ್ಣಾ. ರಾಜಮಂಡ್ರಿಯಲ್ಲಿ ಗೋದಾವರಿ, ಕಟಕ್‌ನಲ್ಲಿ ಮಹಾನದಿ, ಬಂಗಾಳದಲ್ಲಿ ಗಂಗೆ, ಆಮೇಲೆ ತೀಸ್ತಾ, ಕೊನೆಗೆ ಬ್ರಹ್ಮಪುತ್ರ. ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು ಯಾವ ಗಾಡಿ ಗೋದಾವರಿಯನ್ನು ಬೆಳಕಿನಲ್ಲಿ ದಾಟುತ್ತದೆ ಎಂದು ಹುಡುಕುವುದೇ ಒಂದು ಸುಖ. ಮಕ್ಕಳಿಗೆ ಈ ಕೆಲಸ ಒಪ್ಪಿಸಿ. ಭೂಗೋಳದ ಪಾಠದಲ್ಲಿ ಬಾಯಿಪಾಠ ಮಾಡಿದ ನದಿಗಳು ಒಂದರ ಹಿಂದೆ ಒಂದು ಸಾಲಾಗಿ ಬರುವುದನ್ನು ಅವರು ಮರೆಯುವುದಿಲ್ಲ. ಇನ್ನೊಂದು ಆಟವೂ ಇದೆ. ಪ್ರತಿ ಸ್ಟೇಷನ್ನಿನ ಹಳದಿ ಹಲಗೆಯಲ್ಲಿ ಊರಿನ ಹೆಸರಿನ ಜೊತೆಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಬರೆದಿರುತ್ತಾರೆ. ಊಟಿಯದು 2,200 ಮೀಟರು ದಾಟಿದೆ. ದಿಬ್ರುಗಢ ಕಡಲಿನಿಂದ ಅಷ್ಟು ಒಳಗಿದ್ದೂ ನೂರರ ಆಸುಪಾಸಿನಲ್ಲಿದೆ. ಆ ಗಾಡಿಯ ಇಡೀ ದಾರಿಯಲ್ಲಿ ನಮ್ಮ ನಡುವಟ್ಟದಷ್ಟು ಎತ್ತರದ ಸ್ಟೇಷನ್ನು ಒಂದೂ ಇಲ್ಲ.

ಇಷ್ಟು ದೂರ ಪೂರ್ವಕ್ಕೆ ಹೋಗುವವರು ಸೂರ್ಯನ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಕೊಯಮತ್ತೂರು 77 ಡಿಗ್ರಿ ರೇಖಾಂಶದಲ್ಲಿದೆ, ದಿಬ್ರುಗಢ 95ರ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ, ಅಲ್ಲಿ ಸೂರ್ಯ ನಮಗಿಂತ ಒಂದು ಗಂಟೆಗೂ ಹೆಚ್ಚು ಮುಂದೆ. ನಮ್ಮ ಗಡಿಯಾರಗಳೆಲ್ಲ ನಿಂತಿರುವುದು ಎಂಬತ್ತೆರಡೂವರೆ ಡಿಗ್ರಿಯ ಗೆರೆಯ ಮೇಲೆ, ಆ ಗೆರೆಯನ್ನು ನಿಮ್ಮ ಗಾಡಿ ಆಂಧ್ರದ ಕಾಕಿನಾಡದ ಆಸುಪಾಸಿನಲ್ಲಿ ದಾಟುತ್ತದೆ. ಗಡಿಯಾರ ಒಂದೇ ಆದರೂ ಅಸ್ಸಾಮಿನಲ್ಲಿ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಅಲ್ಲಿನ ಟೀ ತೋಟದವರು ಬೇರೆ ದಾರಿ ಕಂಡುಕೊಂಡಿದ್ದಾರೆ. ತೋಟದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಅದನ್ನು ಬಾಗಾನ್ ಟೈಮ್ ಎನ್ನುತ್ತಾರೆ, ಎಂದರೆ ತೋಟದ ಸಮಯ. ರಷ್ಯಾದಲ್ಲಿ ಮಾಸ್ಕೋದಿಂದ ವ್ಲಾಡಿವೊಸ್ಟಾಕ್‌ಗೆ 9,289 ಕಿಲೋಮೀಟರು ಓಡುವ ಟ್ರಾನ್ಸ್ ಸೈಬೀರಿಯನ್ ದಾರಿಯಲ್ಲಿ ಇದರ ತದ್ವಿರುದ್ಧ ಪದ್ಧತಿ ಇತ್ತು. ಸೂರ್ಯ ಎಲ್ಲೇ ಇರಲಿ, 2018ರವರೆಗೂ ಸ್ಟೇಷನ್ನಿನ ಗಡಿಯಾರ ಮಾಸ್ಕೋದ ಸಮಯವನ್ನೇ ತೋರಿಸುತ್ತಿತ್ತು. ನಮ್ಮ ಪ್ರಯಾಣಿಕ ಇಷ್ಟು ನೆನಪಿಟ್ಟರೆ ಸಾಕು: ಅಸ್ಸಾಮಿನ ಊರಿಗೆ ಸಂಜೆ ಐದಕ್ಕೆ ಮುಟ್ಟುತ್ತೇವೆ ಎಂದರೆ ಚಳಿಗಾಲದಲ್ಲಿ ಕತ್ತಲಲ್ಲಿ ಇಳಿಯುತ್ತೇವೆ ಎಂದೇ ಅರ್ಥ. ತಂಗುವ ಜಾಗವನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಒಂದೇ ಗಾಡಿಯಲ್ಲಿ ಕೂತು ಅಲ್ಲಿಗೆ ಮುಟ್ಟುವುದು ಬಹಳ ಹಳೆಯ ಕಾಲದ ಮಾತೇನಲ್ಲ. ಅಸ್ಸಾಮಿಗೆ ಹೋಗುತ್ತಿದ್ದ ಹಳಿ ಮೊದಲು ಈಗಿನ ಬಾಂಗ್ಲಾದೇಶದ ನೆಲದ ಮೇಲೆ ಹಾದುಹೋಗುತ್ತಿತ್ತು. ದೇಶ ಒಡೆದಾಗ ಆ ಹಳಿಯೂ ತುಂಡಾಯಿತು. ಉತ್ತರ ಬಂಗಾಳದ ಕಾಡು, ನದಿಗಳ ನಡುವೆ ಹೊಸ ಹಳಿ ಹಾಸಿ 1950ರ ಜನವರಿಯಲ್ಲಿ ಅಸ್ಸಾಮನ್ನು ಮತ್ತೆ ಸೇರಿಸಿದರು. ಆಗಲೂ ಗುವಾಹಟಿಯ ಬಳಿ ಬ್ರಹ್ಮಪುತ್ರಕ್ಕೆ ಸೇತುವೆ ಇರಲಿಲ್ಲ. ಆಮಿನ್‌ಗಾಂವ್‌ನಲ್ಲಿ ಇಳಿದು ದೋಣಿ ಹತ್ತಿ ಪಾಂಡು ದಡದಲ್ಲಿ ಮತ್ತೆ ರೈಲು ಹಿಡಿಯಬೇಕಿತ್ತು. ಸರಾಯಿಘಾಟ್ ಸೇತುವೆ ಬಂದದ್ದು 1962ರಲ್ಲಿ. ಗಂಗೆಗೆ ಫರಕ್ಕಾದಲ್ಲಿ ಹಳಿ ಬಂದದ್ದು 1971ರಲ್ಲಿ. ದಿಬ್ರುಗಢದವರೆಗೆ ಅಗಲ ಹಳಿ ಮುಟ್ಟಿದ್ದು 1990ರ ದಶಕದಲ್ಲಿ, ನಮ್ಮ ಮೈಸೂರು–ಬೆಂಗಳೂರು ಹಳಿ ಅಗಲವಾದದ್ದೂ ಅದೇ ದಶಕದಲ್ಲಿ. ಅದಕ್ಕೆ ಮೊದಲು ಈ ದಾರಿಯಲ್ಲಿ ಹೋದವರು ಎಷ್ಟು ಕಡೆ ಪೆಟ್ಟಿಗೆ ಇಳಿಸಿ ಹತ್ತಿಸಿರಬೇಕು, ಯೋಚಿಸಿ. ಬಹಳ ಹಿಂದಿನವರಾದರೆ ಪೆಟ್ಟಿಗೆಯಲ್ಲಿ ಮಲೇರಿಯಾದ ಮದ್ದು ಕ್ವಿನೈನ್ ಇಲ್ಲದೆ ಅಸ್ಸಾಮಿಗೆ ಕಾಲಿಡುವಂತಿರಲಿಲ್ಲ. ಆ ಕ್ವಿನೈನಿಗೆ ಬೇಕಾದ ಸಿಂಕೋನಾ ಮರವನ್ನು 1860ರ ದಶಕದಿಂದಲೇ ಬೆಳೆಸಿದ ಊರುಗಳಲ್ಲಿ ನಮ್ಮ ನಡುವಟ್ಟವೂ ಒಂದು. ಆ ತೋಟಗಳಲ್ಲಿ ದುಡಿಯಲು ತಂದವರಲ್ಲಿ ಚೀನಾದ ಕೈದಿಗಳೂ ಇದ್ದರು. ಅವರನ್ನಿಟ್ಟ ಜೈಲಿನ ಕಟ್ಟಡ ಇನ್ನೂ ಇಲ್ಲಿ ನಿಂತಿದೆ.

ನಮ್ಮ ಬೆಟ್ಟದ ಜನರಲ್ಲಿ ಬಹಳಷ್ಟು ಮಂದಿ ದೂರದ ಪ್ರಯಾಣ ಮಾಡಿಯೇ ಇಲ್ಲಿಗೆ ಬಂದವರು. ಆ ಪ್ರಯಾಣವನ್ನು ಯೋಜಿಸಿದವರು ಮಾತ್ರ ಅವರಲ್ಲ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಮೇಲೆ ಶ್ರೀಲಂಕಾದ ತೋಟಗಳಿಂದ ಬಂದ ತಮಿಳು ಕುಟುಂಬಗಳು ತಲೈಮನ್ನಾರಿನಲ್ಲಿ ಹಡಗು ಹತ್ತಿ, ರಾಮೇಶ್ವರದಲ್ಲಿ ಇಳಿದು, ಮಂಡಪಂ ಶಿಬಿರದಲ್ಲಿ ಕಾದು, ಸರ್ಕಾರ ತೋರಿಸಿದ ಊರಿಗೆ ರೈಲು ಹತ್ತಿದವು. ಅವರಿಗೆ ಕೆಲಸ ಕೊಡಲೆಂದೇ ತಮಿಳುನಾಡು ಸರ್ಕಾರ ಇಲ್ಲಿ ಟೀ ತೋಟಗಳನ್ನು ಎಬ್ಬಿಸಿತು, ನಾವು ಟ್ಯಾನ್‌ಟೀ ಎನ್ನುವುದು ಅದನ್ನೇ. ಇವತ್ತು ನೀಲಗಿರಿಯ ಎಸ್ಟೇಟುಗಳ ಲೈನ್ ಮನೆಗಳಲ್ಲಿ ಜಾರ್ಖಂಡ್, ಅಸ್ಸಾಂ, ಒಡಿಶಾದಿಂದ ಬಂದ ಕೆಲಸಗಾರರಿದ್ದಾರೆ. ನೂರೈವತ್ತು ವರ್ಷದ ಹಿಂದೆ ಛೋಟಾ ನಾಗ್ಪುರದ ಆದಿವಾಸಿಗಳನ್ನು ಅಸ್ಸಾಮಿನ ತೋಟಗಳಿಗೆ ಒಯ್ದರು, ಅವರ ನಾಡಿನ ಮಕ್ಕಳು ಈಗ ಸೊಪ್ಪು ಕೀಳಲು ನಮ್ಮ ಬೆಟ್ಟ ಹತ್ತಿದ್ದಾರೆ. ಊರಿನಲ್ಲಿ ಸಾವಾದರೆ ಅವರಿಗೆ ಅರವತ್ತು ದಿನ ಮೊದಲು ಬುಕ್ ಮಾಡುವ ಅವಕಾಶವಿಲ್ಲ. ಜನರಲ್ ಬೋಗಿಯ ಬಾಗಿಲಲ್ಲಿ ನಿಂತು ಎರಡು ಮೂರು ಹಗಲು ರಾತ್ರಿ ಹೋಗುತ್ತಾರೆ. ದೂರದ ಗಾಡಿಗಳಲ್ಲಿ ಜನರಲ್ ಮತ್ತು ಸ್ಲೀಪರ್ ಬೋಗಿಗಳು ಹೆಚ್ಚಬೇಕು, ಇದನ್ನು ನಾನು ಒತ್ತಿ ಹೇಳುತ್ತೇನೆ. ನೀವು ಆ ಕಡೆ ಹೊರಡುವ ಮುಂಚೆ ಫೋನಿನಲ್ಲಿ ಹುಡುಕುವುದಕ್ಕಿಂತ ಮೊದಲು ಪಕ್ಕದ ಲೈನಿನಲ್ಲಿರುವ ಅವರನ್ನು ಕೇಳಿ. ಯಾವ ಸ್ಟೇಷನ್ನಿನಲ್ಲಿ ನೀರು ಚೆನ್ನಾಗಿದೆ, ಗಾಡಿ ಎಲ್ಲಿ ತಡವಾಗುತ್ತದೆ, ಎಲ್ಲಿ ಸಾಮಾನಿನ ಮೇಲೆ ಕಣ್ಣಿಡಬೇಕು, ಎಲ್ಲ ಅವರಿಗೆ ಗೊತ್ತು.

ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಎರಡು ಮಾತು. ಟಿಕೆಟ್ ಮಾಡಿಸುವಾಗ ವಯಸ್ಸನ್ನು ಸರಿಯಾಗಿ ಬರೆಸಿ. ಅರವತ್ತು ದಾಟಿದ ಗಂಡಸರಿಗೂ ನಲವತ್ತೈದು ದಾಟಿದ ಹೆಂಗಸರಿಗೂ ಖಾಲಿ ಇದ್ದರೆ ಕೆಳ ಬರ್ತು ಕೊಡುವ ಏರ್ಪಾಡಿದೆ. ದೊಡ್ಡ ಗುಂಪಿನ ಜೊತೆ ಒಂದೇ ಟಿಕೆಟ್ಟಿನಲ್ಲಿ ಸೇರಿಸಿದರೆ ಈ ಅನುಕೂಲ ತಪ್ಪಿಹೋಗಬಹುದು. ಹಿರಿಯರಿಗೆ ಇದ್ದ ದರದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಿದರು, ಅದು ಹಳ್ಳಿಯ ಅಜ್ಜ ಅಜ್ಜಿಯರಿಗೆ ಮರಳಿ ಸಿಗಬೇಕು. ನಡುವೆ ಗಾಡಿ ಬದಲಿಸಬೇಕಾದ ಪ್ರಯಾಣವಾದರೆ ಎರಡೂ ಟಿಕೆಟ್ಟುಗಳ ಪಿಎನ್‌ಆರ್ ನಂಬರುಗಳನ್ನು ಒಂದಕ್ಕೊಂದು ಜೋಡಿಸಿ. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ, ಪ್ರಯಾಣ ಮಾಡದ ಭಾಗದ ಹಣ ಕೇಳುವ ಹಕ್ಕು 2019ರಿಂದ ನಿಮಗಿದೆ. ಸ್ಮಾರ್ಟ್‌ಫೋನ್ ಇಲ್ಲದವರು 139ಕ್ಕೆ ಕರೆ ಮಾಡಿದರೆ ಗಾಡಿ ಎಲ್ಲಿದೆ ಎಂದು ತಿಳಿಯುತ್ತದೆ.

ಬಟ್ಟೆಯ ವಿಷಯದಲ್ಲಿ ನಡುವಟ್ಟದವರು ಸ್ವೆಟರು ಹಾಕಿಕೊಂಡೇ ಹೊರಡುತ್ತಾರೆ, ಮೇಟ್ಟುಪಾಳ್ಯಕ್ಕೆ ಇಳಿಯುವಷ್ಟರಲ್ಲಿ ಬೆವರು. ಅದನ್ನು ಚೀಲದ ಮೇಲ್ಗಡೆಯೇ ಇಡಿ, ಅಸ್ಸಾಮಿನಲ್ಲಿ ಮತ್ತೆ ಬೇಕಾಗುತ್ತದೆ. ಬುತ್ತಿಗೆ ಮೊದಲ ದಿನಕ್ಕೆ ಚಪಾತಿ, ಪುಳಿಯೋಗರೆ. ಮುಂದಿನ ದಿನಗಳಿಗೆ ಹುರಿದ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ. ಔಷಧಿಯನ್ನು ಹೋಗಿಬರುವ ದಿನಗಳಿಗಿಂತ ಒಂದು ವಾರ ಹೆಚ್ಚಿಗೆ ತೆಗೆದುಕೊಳ್ಳಿ, ಅದನ್ನು ದೊಡ್ಡ ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿಡಿ.

ಇನ್ನು ಯಾವ ತಿಂಗಳು ಹೋಗಬೇಕು ಎಂಬುದು. ಡಿಸೆಂಬರ್, ಜನವರಿಯಲ್ಲಿ ಉತ್ತರದ ಬಯಲಿನಲ್ಲಿ ಮಂಜು ಕವಿದು ಗಾಡಿಗಳು ಗಂಟೆಗಟ್ಟಲೆ ತಡವಾಗುತ್ತವೆ. ಆ ಕಾಲದಲ್ಲಿ ಅಸ್ಸಾಮಿನ ಟೀ ಗಿಡಗಳೂ ಚಿಗುರದೆ ನಿಂತಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ರಹ್ಮಪುತ್ರದ ನೆರೆ. ಏಪ್ರಿಲ್, ಮೇ ನಮ್ಮ ಊಟಿಯ ಸೀಸನ್ನು, ಘಾಟಿಯ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದೂ ಅಲ್ಲದೆ ಏಪ್ರಿಲ್ ನಡುವಿನ ಬೊಹಾಗ್ ಬಿಹುಗೆ ದಕ್ಷಿಣದಲ್ಲಿ ದುಡಿಯುವ ಅಸ್ಸಾಮಿನವರು ಊರಿಗೆ ಹೊರಡುವುದರಿಂದ ಆ ಗಾಡಿಗಳು ತುಂಬಿ ತುಳುಕುತ್ತವೆ. ಅವರ ಹಬ್ಬದ ಬರ್ತಿಗೆ ನಾವು ಪೈಪೋಟಿ ಮಾಡಬಾರದು. ಉಳಿದ ತಿಂಗಳುಗಳಲ್ಲಿ ನನ್ನ ಆಯ್ಕೆ ಮಾರ್ಚ್. ಮಂಜು ಕರಗಿರುತ್ತದೆ, ನಮ್ಮ ಎರಡೂ ಬದಿಯ ಘಾಟಿಗಳು ಒಣಗಿರುತ್ತವೆ, ಅಸ್ಸಾಮಿನಲ್ಲಿ ಹೊಸ ಚಿಗುರು ಬರಲು ಶುರುವಾಗಿರುತ್ತದೆ.

ಮಾರ್ಚ್ 15ರಂದು ಕನ್ಯಾಕುಮಾರಿ ಬಿಡುವ ಗಾಡಿಗೆ ಬುಕಿಂಗು ತೆರೆಯುವುದು ಜನವರಿ 14ಕ್ಕೆ, ಸಂಕ್ರಾಂತಿಯ ಹೊತ್ತಿಗೆ. ಡಿಸೆಂಬರಿನಲ್ಲೇ ಮನೆಯವರೆಲ್ಲ ಕೂತು ಊರು, ತಾರೀಖು, ಇಳಿಯುವ ಜಾಗ ತೀರ್ಮಾನಿಸಿ. ಹೋಗುವವರ ಹೆಸರು, ವಯಸ್ಸು ಚೀಟಿಯಲ್ಲಿ ಬರೆದಿಡಿ, ಆಧಾರ್ ಕಾರ್ಡಿನಲ್ಲಿ ಇರುವ ಹಾಗೆಯೇ. ಹಬ್ಬದ ದಿನ ಕೌಂಟರು ಎಷ್ಟು ಹೊತ್ತು ತೆರೆದಿರುತ್ತದೆ ಎಂದು ಹಿಂದಿನ ವಾರವೇ ಊಟಿಗೆ ಹೋದವರ ಹತ್ತಿರ ವಿಚಾರಿಸಿಟ್ಟುಕೊಳ್ಳಿ. ವಾಪಸು ಬರುವ ಟಿಕೆಟ್ಟಿನ ದಿನ ಬೇರೆ ಬರುತ್ತದೆ. ದಿಬ್ರುಗಢ ಬಿಡುವ ತಾರೀಖಿನಿಂದ ಅರವತ್ತು ದಿನ ಹಿಂದಕ್ಕೆ ಎಣಿಸಿ, ಆ ದಿನಕ್ಕೂ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ. ಎಂಟು ಗಂಟೆಗೆ ಊಟಿಯ ಕೌಂಟರಿನಲ್ಲಿ ನಿಲ್ಲಬೇಕಾದರೆ ನಡುವಟ್ಟದಿಂದ ನಸುಕಿನ ಬಸ್ಸಿಗೇ ಹೊರಡಬೇಕು.